ಸಹಾಯ ಬೇಕು: ಚಂದ್ರನ ಬಗ್ಗೆ ಕನ್ನಡ ಚಿತ್ರಕಥೆ ಪುಸ್ತಕ

ಎಲ್ಲರಿಗೂ ನಮಸ್ಕಾರ. ಜಯನಗರದ ಹತ್ತಿರ ನಮ್ಮ ಬಡಾವಣೆಯಲ್ಲಿ ಭಾನುವಾರ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕಥೆ ಹೇಳಿ ವಿಜ್ಞಾನ ಕಲಿಸುತ್ತೇನೆ. ಈ ಸಲ ಚಂದ್ರನ ಸರದಿ. ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಚಂದ್ರ ಹೇಗೆ ಬದಲಾಗುತ್ತಾನೆ ಅಂತ ದೊಡ್ಡ ಚಿತ್ರಗಳಲ್ಲಿ ತೋರಿಸುವ ಪುಸ್ತಕ ಗೊತ್ತಿದ್ದರೆ ಹೇಳಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಉಚಿತವಾಗಿ ಸಿಗುವ ಕಥೆಗಳನ್ನು ಈಗಾಗಲೇ ಬಳಸುತ್ತಿದ್ದೇನೆ.

ನನ್ನದೊಂದು ತಕರಾರು ಇದೆ. ಎಷ್ಟೋ ಚಿತ್ರಗಳಲ್ಲಿ ಬಿದಿಗೆ ಚಂದ್ರನ ಎರಡು ತುದಿಗಳ ನಡುವೆ ನಕ್ಷತ್ರ ಕೂರಿಸಿರುತ್ತಾರೆ. ಅಲ್ಲಿರುವುದು ಚಂದ್ರನದೇ ಕತ್ತಲ ಭಾಗ, ನಕ್ಷತ್ರ ಎಲ್ಲಿಂದ ಕಾಣಬೇಕು? ಚಂದ್ರ ಮಾತಾಡಲಿ, ಅಳಲಿ, ಪರವಾಗಿಲ್ಲ. ಭೂಮಿಯ ನೆರಳು ಬಿದ್ದು ದಿನಾ ಸಣ್ಣಗಾಗುತ್ತಾನೆ ಅಂತ ಮಾತ್ರ ಬರೆದಿರಬಾರದು. ನೆರಳು ಬೀಳೋದು ಗ್ರಹಣದಲ್ಲಿ, ಅಲ್ವಾ?

ಹಳೇ ಪ್ರತಿ ಇದ್ದರೂ ಸಾಕು, ನಾನೇ ಬಂದು ತಗೊಂಡು ಹೋಗುತ್ತೇನೆ.