ಆರೂವರೆ ಕಿ.ಮೀ. ರೈಲು ಸುರಂಗಕ್ಕೆ 11 ಕೆವಿ: ರಿಲೇಗಳ ಹೊಂದಾಣಿಕೆ ಹೇಗೆ?

ಪುಣೆಯ ಹೊಸಬ:
ಮಾನ್ಯರೇ, ನಾನು ಪುಣೆಯ ವಿನ್ಯಾಸ ಕಚೇರಿಯೊಂದರಲ್ಲಿ ಈಚೆಗೆ ಸೇರಿದ ವಿದ್ಯುತ್ ಎಂಜಿನಿಯರ್. ಅಭ್ಯಾಸಕ್ಕೆಂದು ರತ್ನಾಗಿರಿ ಬಳಿಯ ಕರಬುಡೆ ಸುರಂಗದಷ್ಟೇ, ಅಂದರೆ ಸುಮಾರು 6.5 ಕಿ.ಮೀ. ಉದ್ದದ ಕಾಲ್ಪನಿಕ ಸುರಂಗವೊಂದರ ದೀಪ, ಫ್ಯಾನು, ಪಂಪುಗಳಿಗೆ ವಿದ್ಯುತ್ ಪೂರೈಕೆಯ ನಕ್ಷೆ ಬರೆಯುತ್ತಿದ್ದೇನೆ. ಎರಡೂ ಬಾಯಿಗಳಿಂದ 11 ಕೆವಿ (11,000 ವೋಲ್ಟ್) ಕೇಬಲ್ ಒಳತಂದು, ಆರು ಉಪಕೇಂದ್ರಗಳನ್ನು ಸಾಲಾಗಿ ಪೋಣಿಸಿ, ಒಂದು ಕಡೆಯ ಪೂರೈಕೆ ನಿಂತರೆ ಇನ್ನೊಂದು ಕಡೆಯಿಂದ ಎಲ್ಲವನ್ನೂ ನಡೆಸುವುದು ಉದ್ದೇಶ. ಆದರೆ ಓವರ್‌ಕರೆಂಟ್ ರಿಲೇಗಳ (ಪ್ರವಾಹ ಮಿತಿಮೀರಿದರೆ ಪೂರೈಕೆ ಕಡಿಸುವ ಸಾಧನಗಳ) ನಡುವೆ, ದೋಷಕ್ಕೆ ಹತ್ತಿರದ್ದೇ ಮೊದಲು ಕೆಲಸ ಮಾಡಲೆಂದು, 0.3 ಸೆಕೆಂಡು ಅಂತರವಿಡುತ್ತ ಬಂದರೆ ಮೂಲದ ರಿಲೇಗೆ 2 ಸೆಕೆಂಡಿನಷ್ಟು ಬರುತ್ತದೆ. ಇದನ್ನು ಒಪ್ಪಬಹುದೇ? ಹಿರಿಯರೊಬ್ಬರು 415 ವೋಲ್ಟಿನಲ್ಲೇ ಏಕೆ ಮುಗಿಸಬಾರದು ಎಂದೂ ಕೇಳುತ್ತಿದ್ದಾರೆ.

ಡೊಂಬಿವಲಿಯವ:
ಹಿರಿಯರಿಗೆ ಲೆಕ್ಕವನ್ನೇ ತೋರಿಸಿ. 75 ಕಿ.ವ್ಯಾ. ಫ್ಯಾನೊಂದಕ್ಕೆ 415 ವೋಲ್ಟಿನಲ್ಲಿ ಸುಮಾರು 120 ಆಂಪಿಯರ್ ಬೇಕು. 95 ಚದರ ಮಿ.ಮೀ. ಅಲ್ಯುಮಿನಿಯಂ ಕೇಬಲಿನಲ್ಲಿ ಅದನ್ನು 3 ಕಿ.ಮೀ. ಒಯ್ದರೆ ವೋಲ್ಟೇಜಿನ ಅರ್ಧದಷ್ಟು ದಾರಿಯಲ್ಲೇ ಕರಗುತ್ತದೆ. 11 ಕೆವಿಯಲ್ಲಾದರೆ ಅದೇ ಹೊರೆಗೆ 5 ಆಂಪಿಯರ್ ಸಾಕು.

2 ಸೆಕೆಂಡಿನ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ: ದೋಷ ಪ್ರವಾಹ (ಶಾರ್ಟ್ ಸರ್ಕ್ಯೂಟ್ ಆದಾಗ ಹರಿಯುವ ಪ್ರವಾಹ) ಅತಿ ಹೆಚ್ಚಿರುವುದು ಮೂಲದ ಹತ್ತಿರವೇ, ಅಲ್ಲಿಯೇ ರಿಲೇ ಅತಿ ತಡವಾಗಿ ಎಚ್ಚರಗೊಂಡರೆ ಕೇಬಲ್ ಬೇಯುತ್ತದೆ. ಪೂರೈಕೆಯ ದಿಕ್ಕು ಬದಲಾದಾಗ ಅಂತರಗಳ ಕ್ರಮವೂ ತಲೆಕೆಳಗಾಗುತ್ತದೆ. ಆದ್ದರಿಂದ ಪ್ರತಿ ಕೇಬಲ್ ತುಂಡಿನ ಎರಡು ತುದಿಗಳಲ್ಲಿ ಡಿಫರೆನ್ಷಿಯಲ್ ರಿಲೇ (ಒಳಹೋದ ಪ್ರವಾಹಕ್ಕೂ ಹೊರಬಂದದ್ದಕ್ಕೂ ತಾಳೆಯಾಗದಿದ್ದರೆ ಒಡನೆ ಕಡಿಸುವ ಸಾಧನ) ಇಟ್ಟು, ಅವುಗಳನ್ನು ಆಪ್ಟಿಕಲ್ ಫೈಬರಿನಿಂದ ಮಾತನಾಡಿಸಿ. ದಿಕ್ಕು ಗುರುತಿಸುವ ಓವರ್‌ಕರೆಂಟ್ ಅದು ಕೈಕೊಟ್ಟರೆ ಎಂದು ಬೆನ್ನಿಗಿರಲಿ.

ಮಡಗಾಂವ್‌ನಿಂದ:
ಮೇಲಿನ ಮಾತನ್ನು ಒಪ್ಪುತ್ತ ಎರಡು ವಿಷಯ ಸೇರಿಸುತ್ತೇನೆ. ಇಷ್ಟುದ್ದದ 11 ಕೆವಿ ಕೇಬಲಿಗೆ ತನ್ನದೇ ಚಾರ್ಜಿಂಗ್ ಪ್ರವಾಹ (ಹೊರೆ ಇಲ್ಲದಿದ್ದರೂ ಕೇಬಲ್ ಎಳೆದುಕೊಳ್ಳುವ ಪ್ರವಾಹ) ಇರುತ್ತದೆ. ಬೇರೆಲ್ಲೋ ನೆಲದೋಷವಾದಾಗ (ತಂತಿಯಿಂದ ನೆಲಕ್ಕೆ ವಿದ್ಯುತ್ ಹರಿದಾಗ) ನಿಮ್ಮ ಆರೋಗ್ಯವಂತ ಕೇಬಲಿನಿಂದಲೂ ಸುಮಾರು 10 ಆಂಪಿಯರ್ ಹರಿಯಬಹುದು. ರಿಲೇಯ ಮಟ್ಟ ಅದಕ್ಕಿಂತ ಕೆಳಗಿದ್ದರೆ ತಪ್ಪಿಲ್ಲದ ಫೀಡರೇ (ಪೂರೈಕೆಯ ಸಾಲೇ) ಕಡಿತಗೊಳ್ಳುತ್ತದೆ.

ಎರಡನೆಯದು ನೀರು. ನಮ್ಮ ಮಳೆಗಾಲ ಗೊತ್ತೇ ಇದೆ. 2024ರ ಜುಲೈನಲ್ಲಿ ಗೋವಾದ ಪೆರ್ನೆಂ ಸುರಂಗದೊಳಗೆ ನೀರು ಉಕ್ಕಿ ಕೊಂಕಣ ರೈಲು ಸಂಚಾರವೇ ನಿಂತಿತ್ತು. ಕೇಬಲ್ ಜೋಡಣೆಗಳನ್ನು ಕಾಲುವೆಯ ತಳದಲ್ಲಿ ಇಡಬೇಡಿ.

ಪುಣೆಯ ಹೊಸಬ:
ಧನ್ಯವಾದಗಳು. ಹೊಗೆ ತೆಗೆಯುವ ಫ್ಯಾನುಗಳ ಓವರ್‌ಲೋಡ್ ರಿಲೇಗೂ (ಮೋಟಾರಿಗೆ ಹೊರೆ ಹೆಚ್ಚಾದರೆ ಅದನ್ನು ನಿಲ್ಲಿಸುವುದಕ್ಕೂ) ಇದೇ ಕಟ್ಟುನಿಟ್ಟು ಬೇಕೇ?

ಡೊಂಬಿವಲಿಯವ:
ಬೇಡ. ಬೆಂಕಿಯ ಸ್ಥಿತಿಯಲ್ಲಿ ಅದು ಗಂಟೆ ಬಾರಿಸಲಿ, ಫ್ಯಾನನ್ನು ನಿಲ್ಲಿಸುವುದು ಬೇಡ. ಮೋಟಾರು ಸುಟ್ಟರೆ ಹೊಸದು ತರಬಹುದು. ಶಾರ್ಟ್ ಸರ್ಕ್ಯೂಟ್ ರಕ್ಷಣೆ ಮಾತ್ರ ಹಾಗೆಯೇ ಉಳಿಯಬೇಕು. ಆ ಫ್ಯಾನುಗಳಿಗೆ ಬೆಂಕಿಯಲ್ಲೂ ಬಾಳುವ ಕೇಬಲನ್ನೇ ಹಾಕಿ. ರೈಲಿನ ಮೇಲಿನ 25 ಕೆವಿ ತಂತಿಯನ್ನು, ರಕ್ಷಣಾ ತಂಡ ಒಳಹೋಗುವ ಮುನ್ನ, ವಿದ್ಯುತ್ ಕಡಿದು ನೆಲಕ್ಕೆ ಜೋಡಿಸಲೇಬೇಕಾಗುತ್ತದೆ. ಆಗಲೂ ಫ್ಯಾನು, ದೀಪಗಳು ನಡೆಯುತ್ತಿರಬೇಕಾದ್ದರಿಂದ ನಿಮ್ಮ 11 ಕೆವಿ ಮೂಲವನ್ನು ಆ ತಂತಿಯ ಪೂರೈಕೆಗೆ ಕಟ್ಟಿಹಾಕಬೇಡಿ.