ಪ್ರಶ್ನೋತ್ತರ: 24 ಮೆಗಾಪಿಕ್ಸೆಲ್ ಫೋಟೋವನ್ನು ಹೇಳಿದ ಅಳತೆಗೆ ಸರಿಯಾಗಿ ಕ್ರಾಪ್ ಮಾಡುವುದು

ಪ್ರಶ್ನೆ (ಕಾರ್ಕಳದಿಂದ):
ನಮಸ್ಕಾರ. ಕಂಬಳದ ಫೋಟೋಗಳು ಉಂಟು, ಒಂದೊಂದೂ 6000×4000 ಪಿಕ್ಸೆಲ್. ಕೋಣದ ಯಜಮಾನರಿಗೆ 8×10 ಮತ್ತು 12×18 ಪ್ರಿಂಟ್ ಬೇಕಂತೆ, ಆಲ್ಬಮಿಗೆ 12×36ರ ಒಂದು ಶೀಟ್ ಕೂಡ. ಫೋಟೋಶಾಪಿನ ಕ್ರಾಪ್ ಟೂಲಿನಲ್ಲಿ 10 ಇಂಚು, 8 ಇಂಚು, 300 ಅಂತ ಹಾಕಿ ಕತ್ತರಿಸ್ತೇನೆ. ಕೆಲವು ಫೋಟೋ ಚೆನ್ನಾಗಿ ಬರ್ತದೆ, ಕೆಲವು ಮಸುಕು. ಅಳತೆ ನೋಡಿದ್ರೆ ಎಲ್ಲದ್ದೂ ಒಂದೇ. ಎಂತಕ್ಕೆ ಹೀಗೆ?

ಉತ್ತರ (ಮಂಗಳೂರು, ಕಲರ್ ಲ್ಯಾಬಿನ ಡಿಸೈನರ್):
ಅಣ್ಣ, ಮಸುಕಾಗುದು ಆ 300 ಹಾಕಿದ್ದರಿಂದ. ಅಗಲ, ಎತ್ತರ, ರೆಸಲ್ಯೂಷನ್ (ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುದು) ಮೂರನ್ನೂ ತುಂಬಿಸಿದ್ರೆ ಕ್ರಾಪ್ ಟೂಲ್ ಒಂದೇ ಏಟಿಗೆ ಎರಡು ಕೆಲಸ ಮಾಡ್ತದೆ. ಮೊದಲು ಕತ್ತರಿಸ್ತದೆ, ಆಮೇಲೆ ಉಳಿದದ್ದನ್ನು 3000×2400 ಪಿಕ್ಸೆಲಿಗೆ ತರ್ತದೆ. ನೀವು ಆದಷ್ಟು ದೊಡ್ಡ ಚೌಕಟ್ಟು ಹಾಕಿದ್ರೆ ಒಳಗೆ 5000×4000 ಇರ್ತದೆ. ಅದು ಕುಗ್ಗುದು, ತೊಂದರೆ ಇಲ್ಲ. ಕೋಣದ ತಲೆ, ಓಡಿಸುವವರ ಮುಖ ಮಾತ್ರ ಸಾಕು ಅಂತ ಬಿಗಿಯಾಗಿ ಹಿಡಿದಾಗ ಒಳಗೆ 1500×1200 ಮಾತ್ರ ಉಳಿದಿತ್ತು ಅಂತಿಟ್ಟುಕೊಳ್ಳಿ. ಅದನ್ನೂ ಹೇಳದೆ ಕೇಳದೆ 3000×2400ಕ್ಕೆ ಎಳೀತದೆ. ನಾಲ್ಕು ಪಾಲು ಪಿಕ್ಸೆಲಿನಲ್ಲಿ ಮೂರು ಪಾಲು ಸಾಫ್ಟ್‌ವೇರೇ ಊಹಿಸಿ ತುಂಬಿಸಿದ್ದು. ಮಸುಕಾಗದೆ ಇನ್ನೆಂತ ಆಗ್ತದೆ?

ಹಾಗಾಗಿ ಕತ್ತರಿಸುದು, ಅಳತೆಗೆ ತರುದು ಎರಡನ್ನೂ ಬೇರೆ ಬೇರೆ ಮಾಡಿ. 'ಸಿ' ಕೀ ಒತ್ತಿ, ಮೇಲಿನ ಪಟ್ಟಿಯಲ್ಲಿ 'ರೇಶಿಯೋ' ಆರಿಸಿ 5:4 ಕೊಡಿ. ಮೊದಲು ಹಾಕಿದ 300 ಅಲ್ಲೇ ಕೂತಿದ್ರೆ 'ಕ್ಲಿಯರ್' ಒತ್ತಿ ತೆಗೀರಿ. ಇಲ್ಲದಿದ್ರೆ ಮುಂದಿನ ಫೋಟೋಕ್ಕೂ ಅದೇ ಲೆಕ್ಕ ಹಿಡೀತದೆ. 'ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್' ಟಿಕ್ ತೆಗೆದಿಡಿ, ಆಗ ಚೌಕಟ್ಟಿನ ಹೊರಗಿನ ಭಾಗ ಅಡಗಿ ಇರ್ತದೆ, ನಾಳೆ ಯಜಮಾನರು 'ಸ್ವಲ್ಪ ಎಡಕ್ಕೆ' ಅಂದ್ರೆ ಸರಿಸ್ಲಿಕ್ಕೆ ಆಗ್ತದೆ. ಆದ್ರೆ ಫೈಲನ್ನು ಪಿಎಸ್‌ಡಿ (ಫೋಟೋಶಾಪಿನದ್ದೇ ಫೈಲ್) ಆಗಿ ಇಟ್ಟುಕೊಂಡ್ರೆ ಮಾತ್ರ. ಜೆಪೆಗ್ ಮಾಡಿದ ಕೂಡಲೇ ಹೊರಗಿನದ್ದು ಹೋಯ್ತು. ಅಡ್ಡ ಚೌಕಟ್ಟನ್ನು ಉದ್ದ ಮಾಡ್ಲಿಕ್ಕೆ 'ಎಕ್ಸ್' ಕೀ ಸಾಕು. ಗದ್ದೆಯ ಬದು ಓರೆ ಇದ್ರೆ ಕ್ರಾಪ್ ಮಾಡುವ ಮೊದಲೇ 'ಸ್ಟ್ರೈಟನ್' ಮಾಡಿ, ತಿರುಗಿಸಿದಾಗ ನಾಲ್ಕು ಮೂಲೆಯೂ ಸ್ವಲ್ಪ ಸ್ವಲ್ಪ ಹೋಗ್ತದೆ.

ಎಂಟರ್ ಒತ್ತಿದ ಮೇಲೆ ಕಂಟ್ರೋಲ್-ಆಲ್ಟ್-ಐ. ಇಮೇಜ್ ಸೈಜ್ ಬರ್ತದೆ. ಅಲ್ಲಿ 'ರೀಸ್ಯಾಂಪಲ್' (ಪಿಕ್ಸೆಲ್ ಸಂಖ್ಯೆ ಬದಲಿಸುದು) ಟಿಕ್ ತೆಗೆದು ಅಗಲಕ್ಕೆ 10 ಇಂಚು ಹಾಕಿ ರೆಸಲ್ಯೂಷನ್ ಎಷ್ಟಾಯ್ತು ನೋಡಿ. ಇದೇ ಅಸಲಿ ಪರೀಕ್ಷೆ. 5000×4000 ಇದ್ರೆ 500 ತೋರಿಸ್ತದೆ. ಆಗ ರೀಸ್ಯಾಂಪಲ್ ಟಿಕ್ ಹಾಕಿ, 'ಬೈಕ್ಯೂಬಿಕ್ ಶಾರ್ಪರ್' ಆರಿಸಿ, 300ಕ್ಕೆ ಇಳಿಸಿ. 220, 250 ಬಂದ್ರೆ ಎಳೆಯಬೇಡಿ, ಹಾಗೇ ಕಳಿಸಿ, ಕೈಯಲ್ಲಿ ಹಿಡಿದು ನೋಡುವ 8×10ಕ್ಕೆ ಧಾರಾಳ ಸಾಕು. 150 ಬಂತು ಅಂದ್ರೆ ಕ್ರಾಪ್ ತೀರಾ ಬಿಗಿ ಆಗಿದೆ, ಚೌಕಟ್ಟು ಸಡಿಲ ಮಾಡಿ. ಶಾರ್ಪನಿಂಗ್ ಕೊಡುದಿದ್ರೆ ಇಷ್ಟೆಲ್ಲ ಆದ ಮೇಲೆಯೇ ಕೊಡಿ.

12×18ರದ್ದು ತಲೆಬಿಸಿ ಇಲ್ಲ. ಅದೂ 3:2, ನಿಮ್ಮ ಫೋಟೋವೂ 3:2. ಏನೂ ಕತ್ತರಿಸದೆ 333 ಸಿಗ್ತದೆ.

ಉತ್ತರ (ಉಡುಪಿ, ಸ್ಟುಡಿಯೋದವರು):
ಮೇಲಿನವರು ಹೇಳಿದ್ದು ಸರಿ. 8×10 ಬಗ್ಗೆ ಒಂದು ಸೇರಿಸ್ತೇನೆ. 3:2ರ ಫೋಟೋ 5:4 ಆಗುವಾಗ ಅಗಲದಲ್ಲಿ 1000 ಪಿಕ್ಸೆಲ್ ಹೋಗ್ಲೇಬೇಕು, ಯಾವ ಸಾಫ್ಟ್‌ವೇರ್ ಆದ್ರೂ ಅಷ್ಟೇ. ಸುಮ್ಮನೆ ಬಿಟ್ರೆ ಎಡಕ್ಕೆ 500, ಬಲಕ್ಕೆ 500 ಕತ್ತರಿಸ್ತದೆ. ಕಂಬಳದ ಫೋಟೋಕ್ಕೆ ಅದು ಹೊಂದುದಿಲ್ಲ. ಕೋಣಗಳ ಮೂತಿಯ ಮುಂದೆ ಓಡ್ಲಿಕ್ಕೆ ಜಾಗ ಕಾಣ್ಬೇಕು. ಹಿಂದಿನಿಂದ 700, 800 ತೆಗೆದು ಮುಂದಿನಿಂದ ಕಡಿಮೆ ತೆಗೀರಿ. ಆದ್ರೆ ಓಡಿಸುವವರ ಹಿಮ್ಮಡಿ ಮತ್ತು ಅಲ್ಲಿ ಹಾರುವ ಕೆಸರು ನೀರು ಒಳಗೆ ಉಳೀಲೇಬೇಕು.

ಮೂತಿಯಿಂದ ಹಿಮ್ಮಡಿವರೆಗೆ ಫ್ರೇಮ್ ಪೂರ್ತಿ ತುಂಬಿದ್ರೆ ಕತ್ತರಿಸುದೇ ಬೇಡ. ಇಮೇಜ್ ಸೈಜಿನಲ್ಲಿ 3000×2000 ಮಾಡಿ, ಆಮೇಲೆ ಕಂಟ್ರೋಲ್-ಆಲ್ಟ್-ಸಿ ಒತ್ತಿ ಕ್ಯಾನ್ವಾಸ್ 3000×2400 ಕೊಡಿ, ಬಣ್ಣ ಬಿಳಿ. ಮೇಲೆ 200, ಕೆಳಗೆ 200 ಪಿಕ್ಸೆಲ್ ಬಿಳಿ ಅಂಚು ಬರ್ತದೆ. ಫ್ರೇಮ್ ಹಾಕಿದಾಗ ಲಾಯ್ಕ ಕಾಣ್ತದೆ. ಕೋಣದ ಕೊಂಬು ಅರ್ಧ ತುಂಡಾದ ಪ್ರಿಂಟಿಗಿಂತ ನನಗೆ ಇದೇ ಇಷ್ಟ.

ಮರುಪ್ರಶ್ನೆ (ಕಾರ್ಕಳ):
ಉಪಕಾರ ಆಯ್ತು ಸರ್. 12×36 ಎಂತ ಮಾಡುದು?

ಉತ್ತರ (ಮಂಗಳೂರು):
ಅದು 3:1. ನಿಮ್ಮ ಫೋಟೋದಲ್ಲಿ 6000×2000 ಮಾತ್ರ ಉಳೀತದೆ, ಎತ್ತರ ಅರ್ಧಕ್ಕರ್ಧ ಹೋಗ್ತದೆ, ರೆಸಲ್ಯೂಷನ್ ಸುಮಾರು 167. 300 ಬೇಕಾದ್ರೆ 10800×3600 ಆಗ್ಬೇಕು, ಅಂದ್ರೆ 1.8 ಪಟ್ಟು ಎಳೆಯುದು. ಫೋಟೋ ನಿಜವಾಗಿ ಶಾರ್ಪ್ ಇದ್ರೆ ರೀಸ್ಯಾಂಪಲ್ ಪಟ್ಟಿಯ 'ಪ್ರಿಸರ್ವ್ ಡೀಟೇಲ್ಸ್' ಹಾಕಿ ಮಾಡಬಹುದು. ಕತ್ತಲೆಯಲ್ಲಿ ಹೈ ಐಎಸ್‌ಒದಲ್ಲಿ (ಕ್ಯಾಮೆರಾ ಬೆಳಕು ಹಿಡಿಯುವ ಸೆಟ್ಟಿಂಗ್ ಏರಿಸಿ) ತೆಗೆದದ್ದಾದ್ರೆ ಬೇಡ, ಕಾಳು ಕಾಳು ಎದ್ದು ಕಾಣ್ತದೆ. ಆಗ ಒಂದು ದೊಡ್ಡ ಫೋಟೋ, ಪಕ್ಕದಲ್ಲಿ ಎರಡು ಸಣ್ಣದ್ದು ಇಟ್ಟು ಶೀಟ್ ಮಾಡಿ. ಇನ್ನೊಂದು, 18 ಇಂಚಿನಲ್ಲಿ ಆಲ್ಬಮಿನ ಮಡಿಕೆ ಬರ್ತದೆ. ಮುಖ, ಹೆಸರು ಅಲ್ಲಿಗೆ ಬರಬಾರದು. ಸುತ್ತ ಅಂಚು ಕಟ್ ಮಾಡುವಾಗಲೂ ಎರಡು ಮೂರು ಮಿಲಿಮೀಟರ್ ಹೋಗುದುಂಟು, ಅಕ್ಷರಗಳನ್ನು ಅಂಚಿನಿಂದ ಒಳಗೇ ಇಡಿ.

ಪ್ರಶ್ನೆ (ಮಣಿಪಾಲದಿಂದ):
ಸರ್, ನನ್ನ ಹತ್ರ ಜಿಂಪ್ (ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್) ಮಾತ್ರ ಇರುದು. ಆನ್‌ಲೈನ್ ಅರ್ಜಿಗೆ 3.5×4.5 ಸೆಂ.ಮೀ. ಫೋಟೋ ಬೇಕು, 20ರಿಂದ 50 ಕೆಬಿ ಒಳಗೆ. 300 ಡಿಪಿಐ ಇದ್ದದ್ದನ್ನು 72 ಮಾಡಿದೆ, ಆದ್ರೂ ಕೆಬಿ ಇಳೀಲಿಲ್ಲ. 'ಫಿಕ್ಸ್ಡ್ ಸೈಜ್' 413×531 ಕೊಟ್ರೆ ಬರೀ ಮೂಗು, ಬಾಯಿ ಬರ್ತದೆ!

ಉತ್ತರ (ಉಡುಪಿ):
ಅಕ್ಕ, ನೀವು ಲೆಕ್ಕ ಹಾಕಿದ್ದು ಸರಿಯೇ, 300ರಲ್ಲಿ 3.5×4.5 ಸೆಂ.ಮೀ. ಅಂದ್ರೆ 413×531. ಆದ್ರೆ ಫಿಕ್ಸ್ಡ್ ಸೈಜ್ ಅಂದ್ರೆ ದೊಡ್ಡ ಫೋಟೋದಿಂದ ಅಷ್ಟೇ ಪಿಕ್ಸೆಲಿನ ಒಂದು ತುಂಡು. 3000×4000ರ ಮೊಬೈಲ್ ಫೋಟೋದಲ್ಲಿ ಆ ತುಂಡಿನೊಳಗೆ ಮುಖ ಪೂರ್ತಿ ಹಿಡಿಯುದಿಲ್ಲ. ಶಿಫ್ಟ್-ಸಿ ಒತ್ತಿ, 'ಫಿಕ್ಸ್ಡ್' ಪಕ್ಕದ ಪಟ್ಟಿಯಲ್ಲಿ 'ಆಸ್ಪೆಕ್ಟ್ ರೇಶಿಯೋ' ಆರಿಸಿ 35:45 ಬರೀರಿ. ತಲೆ, ಭುಜ ಬರುವಷ್ಟು ಚೌಕಟ್ಟು ಎಳೆದು ಎಂಟರ್. ಆಮೇಲೆ 'ಇಮೇಜ್' ಮೆನುವಿನ 'ಸ್ಕೇಲ್ ಇಮೇಜ್' ತೆರೆದು ಅಗಲ 413 ಹಾಕಿ. ಎತ್ತರ 530 ಅಥವಾ 532 ತೋರಿಸಿದ್ರೆ ಮಧ್ಯದ ಸರಪಳಿ ಚಿಹ್ನೆ ಬಿಚ್ಚಿ 531 ಅಂತ ಕೈಯಿಂದಲೇ ಬರೀರಿ. ಒಂದು ಪಿಕ್ಸೆಲಿಗೆ ಮುಖ ಸೊಟ್ಟ ಆಗುದಿಲ್ಲ.

ಡಿಪಿಐ ಇಳಿಸಿದ್ರೆ ಕೆಬಿ ಇಳಿಯುದಿಲ್ಲ. ಅದು ಪ್ರಿಂಟ್ ಮಾಡುವಾಗ ಇಂಚಿಗೆ ಎಷ್ಟು ಪಿಕ್ಸೆಲ್ ಹರಡಬೇಕು ಅಂತ ಫೈಲಿನೊಳಗೆ ಬರೆದಿಟ್ಟ ಒಂದು ಸಂಖ್ಯೆ, ಅಷ್ಟೇ. ಕೆಬಿ ನಿಂತಿರುದು ಪಿಕ್ಸೆಲ್ ಎಷ್ಟು, ಜೆಪೆಗ್ ಕ್ವಾಲಿಟಿ ಎಷ್ಟು ಅನ್ನುದರ ಮೇಲೆ. ಎಕ್ಸ್‌ಪೋರ್ಟ್ ಮಾಡುವಾಗ 'ಶೋ ಪ್ರಿವ್ಯೂ' ಟಿಕ್ ಹಾಕಿದ್ರೆ ಫೈಲ್ ಎಷ್ಟು ದೊಡ್ಡದಾಗ್ತದೆ ಅಂತ ಅಲ್ಲೇ ಕಾಣ್ತದೆ. ಕ್ವಾಲಿಟಿ 90ರಿಂದ ಸ್ವಲ್ಪ ಸ್ವಲ್ಪವೇ ಇಳಿಸ್ತಾ 45 ಕೆಬಿ ಹತ್ರ ನಿಲ್ಲಿಸಿ. ಎಕ್ಸಿಫ್ (ಫೈಲಿನೊಳಗಿನ ಕ್ಯಾಮೆರಾ ವಿವರ), ಥಂಬ್‌ನೇಲ್ ಟಿಕ್ ತೆಗೆದ್ರೆ ಇನ್ನೂ ಕೆಲವು ಕೆಬಿ ಉಳೀತದೆ. ಮತ್ತೆ, ಮೊಬೈಲಿನಿಂದ ಕಂಪ್ಯೂಟರಿಗೆ ವಾಟ್ಸಾಪಿನಲ್ಲಿ ಕಳಿಸುದಾದ್ರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಫೋಟೋ ಆಗಿ ಕಳಿಸಿದ್ರೆ ಅದೇ ಕುಗ್ಗಿಸಿಬಿಡ್ತದೆ.

ಪ್ರಶ್ನೆ (ಮೂಡುಬಿದಿರೆಯಿಂದ):
ಯಕ್ಷಗಾನದ್ದು ಮುನ್ನೂರು ಫೋಟೋ, ಎಲ್ಲವೂ 8×10 ಆಗ್ಬೇಕು. ಫೋಟೋಶಾಪಿನಲ್ಲಿ ಆ್ಯಕ್ಷನ್ (ಒಮ್ಮೆ ಮಾಡಿದ ಕೆಲಸದ ರೆಕಾರ್ಡ್) ಮಾಡಿ ಎಲ್ಲಕ್ಕೂ ಒಟ್ಟಿಗೆ ಬ್ಯಾಚ್ ಬಿಟ್ರೆ ಆಗುದಿಲ್ವಾ?

ಉತ್ತರ (ಮಂಗಳೂರು):
ಆಗ್ತದೆ, ಆದ್ರೆ ಯಕ್ಷಗಾನಕ್ಕೆ ಬೇಡ ಮಾರಾಯ್ರೆ. ಆ್ಯಕ್ಷನ್ ರೆಕಾರ್ಡ್ ಮಾಡಿದ ಜಾಗದಲ್ಲೇ ಎಲ್ಲವನ್ನೂ ಕತ್ತರಿಸ್ತದೆ. ಉದ್ದ ಫೋಟೋ 4000×6000 ಇದ್ದದ್ದು 4000×5000 ಆಗ್ಬೇಕು. ನಡುವಿನಿಂದ ಕತ್ತರಿಸಿದ್ರೆ ಬಣ್ಣದ ವೇಷದ ಕಿರೀಟದ ತುದಿ ಹೋಗ್ತದೆ, ಕೆಳಗೆ ಗೆಜ್ಜೆಯೂ ಹೋಗ್ತದೆ. ಎರಡೂ ಉಳಿಯದಿದ್ರೆ ಗೆಜ್ಜೆ ಬಿಟ್ಟು ಮೊಣಕಾಲಿನ ಮೇಲಕ್ಕೆ ನಿಲ್ಲಿಸಿ. ಕಿರೀಟ ಮಾತ್ರ ಮುಟ್ಟಬೇಡಿ, ಮೇಲೆ ಒಂದು ಬೆರಳು ಜಾಗ ಇರ್ಲಿ.

ಲೈಟ್‌ರೂಮ್ (ತುಂಬ ಫೋಟೋ ಒಟ್ಟಿಗೆ ತಿದ್ದುವ ಸಾಫ್ಟ್‌ವೇರ್) ಇದ್ರೆ ಅಡ್ಡ ಫೋಟೋ, ಉದ್ದ ಫೋಟೋ ಬೇರೆ ಬೇರೆ ಮಾಡಿಕೊಳ್ಳಿ. ಒಂದಕ್ಕೆ 'ಆರ್' ಒತ್ತಿ 8×10 ಅನುಪಾತ ಕೊಟ್ಟು, ಉಳಿದವಕ್ಕೆ 'ಸಿಂಕ್' ಮಾಡಿ, ಮತ್ತೆ ಒಂದೊಂದನ್ನೇ ತೆರೆದು ಚೌಕಟ್ಟು ಸರಿಸ್ತಾ ಹೋಗಿ. ಮೂಲ ಫೋಟೋಕ್ಕೆ ಏನೂ ಆಗುದಿಲ್ಲ. ಎಕ್ಸ್‌ಪೋರ್ಟಿನಲ್ಲಿ 'ಲಾಂಗ್ ಎಡ್ಜ್' 3000 ಪಿಕ್ಸೆಲ್, ರೆಸಲ್ಯೂಷನ್ 300, ಕಲರ್ ಎಸ್‌ಆರ್‌ಜಿಬಿ. 'ಡೋಂಟ್ ಎನ್‌ಲಾರ್ಜ್' ಟಿಕ್ ಹಾಕಿ. ಬಿಗಿಯಾಗಿ ಕ್ರಾಪ್ ಆದ ಫೋಟೋಗಳು ಆಗ 3000ಕ್ಕಿಂತ ಸಣ್ಣದಾಗಿಯೇ ಹೊರಗೆ ಬರ್ತವೆ. ಫೋಲ್ಡರಿನಲ್ಲಿ ಡೈಮೆನ್ಷನ್ ಪ್ರಕಾರ ಜೋಡಿಸಿ ನೋಡಿದ್ರೆ ಯಾವುದನ್ನು ಮತ್ತೆ ಕ್ರಾಪ್ ಮಾಡ್ಬೇಕು ಅಂತ ಕೂಡಲೇ ಗೊತ್ತಾಗ್ತದೆ.