ಬೇಯದ ಬೇಳೆ ಮತ್ತು ನನ್ನ ಮೊದಲ ಪತ್ರಿಕಾ ಪ್ರಕಟಣೆ

ಕಲಬುರಗಿಯ ಒಂದು ಬೇಳೆ ಕಂಪನಿಯಲ್ಲಿ ಸಾರ್ವಜನಿಕ ಸಂಪರ್ಕದ (ಪಿಆರ್) ಕೆಲಸಕ್ಕೆ ಸೇರಿ ಆಗ ನಲವತ್ತು ದಿನ ಆಗಿತ್ತು. ಬೀದರ್ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ಕುಕ್ಕರಿನ ಮುಚ್ಚಳ ತೆಗೆದು, ಸೌಟಿನಲ್ಲಿ ಬೇಳೆ ಎತ್ತಿ ತೋರಿಸಿದ ವಿಡಿಯೊ ಎರಡು ದಿನದಿಂದ ಓಡಾಡುತ್ತಿತ್ತು. "ಕಲಬುರಗಿ ತೊಗರಿ ಅಂತ ಪಾಕೀಟಿನ ಮ್ಯಾಲ ಬರದಾರ. ಐದು ಸೀಟಿ ಆತು, ಇನ್ನಾ ಕಾಳು ಕಾಳು ಅದ ನೋಡ್ರಿ." ಪಾಕೀಟು ನಮ್ಮದೇ. ಮಾಲೀಕರು "ಒಂದು ಖಡಕ್ ಪ್ರೆಸ್ ನೋಟ್ ಬರಿ" ಅಂದರು. ಬರೆದೆ. ಕನ್ನಡ ತಪ್ಪಿದ್ದರೆ ಹೇಳಲಿ ಅಂತ ನಮ್ಮ ಮನೆಯವರ 'ದೊಡ್ಡ ಮನಿ' ವಾಟ್ಸಾಪ್ ಗುಂಪಿಗೆ ಹಾಕಿದೆ. ಮುಂದೆ ನಡೆದದ್ದು ಇಲ್ಲಿದೆ. ಗುಡ್ ಮಾರ್ನಿಂಗ್ ಹೂವು, ಯಾರದೋ ಮದುವೆಯ ಲೊಕೇಶನ್, ಕಂಪನಿ ಹೆಸರು ತೆಗೆದಿದ್ದೇನೆ. ಉಳಿದದ್ದನ್ನು ಮನೆಯವರನ್ನು ಕೇಳಿಯೇ ಹಾಕಿದ್ದೇನೆ.

ಶನಿವಾರ, ಮಧ್ಯಾಹ್ನ 3:40

ನಾನು: ಕಾಕಾ, ಇದು ಸ್ವಲ್ಪ ನೋಡ್ರಿ. 5 ಗಂಟೆಕ್ಕ ಕಳಸಬೇಕು.

"ಕಲಬುರಗಿಯ ಪುಣ್ಯಭೂಮಿಯಲ್ಲಿ ಬೆಳೆದ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಅಪ್ಪಟ ತೊಗರಿಬೇಳೆಯನ್ನು ನಾಡಿನ ಮನೆಮನೆಗೆ ತಲುಪಿಸುತ್ತಿರುವ ನಮ್ಮ ಪ್ರತಿಷ್ಠಿತ ಸಂಸ್ಥೆಯ ಏಳಿಗೆಯನ್ನು ಸಹಿಸದ ಕೆಲವು ಕಿಡಿಗೇಡಿಗಳು ಸಾಮಾಜಿಕ ಜಾಲತಾಣಗಳಲ್ಲಿ ಅಪಪ್ರಚಾರ ನಡೆಸುತ್ತಿರುವುದು ಖಂಡನೀಯ. ಇಂಥವರ ವಿರುದ್ಧ ಕಾನೂನು ಕ್ರಮ ಜರುಗಿಸಲಾಗುವುದು. ಗ್ರಾಹಕರು ವದಂತಿಗಳಿಗೆ ಕಿವಿಗೊಡಬಾರದೆಂದು ಕೋರಲಾಗಿದೆ."

ಗಂಜ್ ಮಾಮಾ: ಭಲೇ ಸೊಸಿ! ಹಿಂಗ ಇರಬೇಕು. 👏👏

ಯಾದಗಿರಿ ತಮ್ಮ: ಪುಣ್ಯಭೂಮಿ 😂 ಬೇಳಿ ಇಲ್ಲಾ ತೀರ್ಥಯಾತ್ರಿ?

ಬೀದರ್ ಅತ್ತಿ: ಅದೆಲ್ಲಾ ಇರಲಿ, ಬೇಳಿ ಯಾಕ ಬೇಯಲಿಲ್ಲ?

ಶಹಾಬಾದ್ ಕಾಕಾ: ಅಕ್ಕಾ ಕೇಳಿದ್ದು ನೋಡವ್ವಾ. ನೀ ಬರದದ್ದು ಇಷ್ಟುದ್ದ ಅದ, ಅದಕ್ಕ ಒಂದಕ್ಷರ ಉತ್ತರ ಇಲ್ಲ. ನಾ ಪೇಪರಿನ ಡೆಸ್ಕಿನ್ಯಾಗ ಇಪ್ಪತ್ತೆಂಟು ವರ್ಷ ಕೂತೀನಿ. 'ಅಪಪ್ರಚಾರ' ಅಂತ ನೋಟ್ ಬಂದ್ರ ನಾವು ಮೊದಲು ಮಾಡೋ ಕೆಲಸ ಏನು ಗೊತ್ತೇನು? ಆ ಪ್ರಚಾರ ಯಾವುದು ಅಂತ ಹುಡುಕೋದು. ವಿಡಿಯೊ ನೋಡಲಾರದ ಸಬ್ ಎಡಿಟರಗೂ ನೀನೇ ತೋರಿಸಿದಂಗ ಆತು.

ಗಂಜ್ ಮಾಮಾ: ಹಂಗಾದ್ರ ಸುಮ್ಮ ಕೂಡಲಿ ಬಿಡ್ರಿ ಬೀಗ್ರೇ. ಎರಡ್ ದಿನ ಆದ್ರ ಜನ ಮರೀತಾರ. ಸೋಮವಾರ ಮತ್ತೊಂದು ವಿಡಿಯೊ ಬರ್ತದ.

ಶಹಾಬಾದ್ ಕಾಕಾ: ಸುಮ್ಮ ಕೂತ್ರ ಏನಾಗ್ತದ ಅಂತ ನಮ್ಮ ಊರಿಗಿ ಹೇಳಿಕೊಡಬೇಕೇನ್ರಿ? 2020ರ ಮಾರ್ಚ್ ನೆನಸಿಕೊಳ್ರಿ. ದೇಶದಾಗ ಮೊದಲನೇ ಕೊರೊನಾ ಸಾವು ನಮ್ಮ ಕಲಬುರಗಿದು. ಆ ಹಿರಿಯರು ತೀರಿಕೊಂಡದ್ದು 10ಕ್ಕ, ಕೊರೊನಾನೇ ಅಂತ ಖಾತ್ರಿ ಆದದ್ದು 12ಕ್ಕ. ನಡುವಿನ ಎರಡ್ ದಿನ ಇದೇ ಗುಂಪಿನ್ಯಾಗ ಎಷ್ಟು ಥರ ಸುದ್ದಿ ಬಂದ್ವು? ನೀವೇ ಮೂರು ಹಾಕಿದ್ರಿ.

ಗಂಜ್ ಮಾಮಾ: ನಾ ಬಂದದ್ದು ಮುಂದ ಕಳಸಿದ್ದೆ ಅಷ್ಟೇ.

ಶಹಾಬಾದ್ ಕಾಕಾ: ಎಲ್ಲಾರೂ ಅಷ್ಟೇ ಮಾಡ್ತಾರ. 'ಇನ್ನಾ ವರದಿ ಬಂದಿಲ್ಲ, ಇಂಥಾ ಹೊತ್ತಿಗಿ ಹೇಳ್ತೀವಿ' ಅನ್ನೋದೂ ಒಂದು ಸುದ್ದಿನೇ. ಅದನ್ನ ಹೇಳೋರು ಇಲ್ಲದ ಕಡಿ ಬ್ಯಾರೆ ಮಾತು ಬಂದು ಕೂಡ್ತದ.

ಬೆಂಗಳೂರು ಅಕ್ಕಾ: ಸಾರಿ, ಮೀಟಿಂಗಿನಲ್ಲಿದ್ದೆ. ಏ ಹುಡುಗಿ, ಇದನ್ನ ಗುಂಪಿಗಿ ಯಾಕ ಹಾಕಿದಿ? ಮಾಲೀಕರು ಒಪ್ಪದ ಡ್ರಾಫ್ಟ್ ಆಫೀಸಿನ ಹೊರಗ ಬರಲೇಬಾರದು. ಮೊದಲು ಅದನ್ನ ಡಿಲೀಟ್ ಮಾಡು. ಎರಡನೇದು, ನಮ್ಮ ಪಿಆರ್ ಏಜೆನ್ಸಿಯೊಳಗ ಮೊದಲು ಎರಡು ಸಾಲಿನ ಹೋಲ್ಡಿಂಗ್ ಸ್ಟೇಟ್‌ಮೆಂಟ್ ಕೊಡ್ತೀವಿ. 'ದೂರು ನಮ್ಮ ಗಮನಕ್ಕ ಬಂದಿದೆ, ಪರಿಶೀಲನೆ ನಡೆದಿದೆ.' ಅಷ್ಟೇ. ಎಲ್ಲಾ ಒಮ್ಮೆಲೇ ಹೇಳಲಿಕ್ಕೆ ಹೋಗಬ್ಯಾಡ. 2015ರ ಮ್ಯಾಗಿ ನಿಷೇಧ ನೆನಪದ?

ಯಾದಗಿರಿ ತಮ್ಮ: ಹಾಸ್ಟೆಲಿನ್ಯಾಗ ಅಳೋದೊಂದೇ ಬಾಕಿ ಇತ್ತು

ಬೆಂಗಳೂರು ಅಕ್ಕಾ: ಬಾಂಬೆ ಹೈಕೋರ್ಟ್ ಆಗಸ್ಟ್‌ನಾಗ ಆ ನಿಷೇಧ ರದ್ದು ಮಾಡ್ತು. ಅಂದ್ರ ಕೋರ್ಟಿನ್ಯಾಗ ಗೆದ್ರು. ಆದ್ರ ಜೂನ್‌ನಿಂದ ನವೆಂಬರ್ ತನಕ ಅಂಗಡ್ಯಾಗ ಮಾಲೇ ಇರಲಿಲ್ಲ. ಮೊದಮೊದಲು 'ನಮ್ಮ ಪರೀಕ್ಷೆಯೊಳಗ ಎಲ್ಲಾ ಸರಿ ಅದ' ಅಂತ ಅಂದ್ರೇ ಹೊರತು ತಾಯಂದಿರಿಗಿ ತಿಳಿಯೋ ಮಾತಿನ್ಯಾಗ ಯಾರೂ ಮಾತಾಡಲಿಲ್ಲ. ಕಂಪನಿಯ ಜಗತ್ತಿನ ಮುಖ್ಯಸ್ಥರು ದಿಲ್ಲಿಗಿ ಬಂದು ಪತ್ರಕರ್ತರ ಮುಂದ ಕೂತಾಗ ಹೊತ್ತು ಮೀರಿತ್ತು.

ಬೀದರ್ ಅತ್ತಿ: ಮ್ಯಾಗಿ ಬಿಡ್ರಿ. ಬೇಳಿ ಯಾಕ ಬೇಯಲಿಲ್ಲ?

(ಅತ್ತಿ ಇದನ್ನು ಒಟ್ಟು ನಾಲ್ಕು ಸಲ ಕೇಳಿದರು. ಉಳಿದ ಎರಡು ಸಲದ್ದು ಇಲ್ಲಿ ತೆಗೆದಿದ್ದೇನೆ.)

ನಾನು: ಅತ್ತಿ, ನೀರು ಗಡಸಾಗಿದ್ರ ಬೇಯಲ್ಲ, ಹಳೇ ಬೇಳಿ ಆದ್ರೂ ಬೇಯಲ್ಲ ಅಂತ ಆಫೀಸಿನ್ಯಾಗ ಹೇಳ್ಯಾರ.

ಬೀದರ್ ಅತ್ತಿ: ಅದೇ ನೀರಿನ್ಯಾಗ ನಮ್ಮ ಹೊಲದ ತೊಗರಿ ಎರಡ್ ಸೀಟಿಗಿ ಗಂಜಿ ಆಗ್ತದಲ್ಲವ್ವಾ.

ಗಂಜ್ ಮಾಮಾ: ಅಕ್ಕಾರ, ಖರೆ ಹೇಳಲೇನು? ಆ ಲಾಟಿನ್ಯಾಗ ನಮ್ಮ ತೊಗರಿ ಅರ್ಧಾನೂ ಇಲ್ಲ. ಉಳಿದದ್ದು ಬಂದರಿನ ಮಾಲು, ಮೊಜಾಂಬಿಕ್ ತೊಗರಿ. ಈ ವರ್ಷ ನೆಟೆ ರೋಗ ಬಿದ್ದು ಗಂಜ್ ಮಾರ್ಕೆಟ್ಟಿಗಿ ಆವಕ ಕಮ್ಮಿ ಅದ, ರೇಟ್ ಮ್ಯಾಲ ಹೋಗ್ಯಾದ. ನಾನೇ ನಮ್ಮ ಅಡತಿ ಅಂಗಡಿಯಿಂದ ತೂಕ ಮಾಡಿಸಿ ಕಳಸೀನಿ. ಇದ್ರಾಗ ಕಳ್ಳತನ ಏನಿಲ್ಲ, ಎಲ್ಲಾರೂ ಮಾಡ್ತಾರ.

ಇದಾದ ಮೇಲೆ ಹನ್ನೊಂದು ನಿಮಿಷ ಗುಂಪಿನಲ್ಲಿ ಒಂದು ಮಾತಿಲ್ಲ. ನೀಲಿ ಟಿಕ್ ಎಲ್ಲರದೂ ಬಿದ್ದಿತ್ತು. ನನ್ನ ಪ್ರಕಟಣೆಯ ಮೊದಲ ಸಾಲನ್ನೇ ನಾನು ಮತ್ತೆ ಮತ್ತೆ ಓದುತ್ತ ಕೂತಿದ್ದೆ. ಆಫೀಸಿನಲ್ಲಿ ನಲವತ್ತು ದಿನದಲ್ಲಿ ಒಬ್ಬರೂ ಹೇಳದಿದ್ದ ಮಾತು ಮಾಮಾನ ಬಾಯಿಂದ, ಅದೂ ಮನೆ ಗುಂಪಿನಲ್ಲಿ ಬಂದಿತ್ತು.

ಶಹಾಬಾದ್ ಕಾಕಾ: ಬೀಗ್ರೇ, ಹೊರದೇಶದ ತೊಗರಿ ಮಾರೋದು ತಪ್ಪಲ್ಲ. ಅದನ್ನ ಕಲಬುರಗಿ ತೊಗರಿ ಅಂತ ಮಾರೋದು ತಪ್ಪು. ಗುಲ್ಬರ್ಗಾ ತೊಗರಿ ಬೇಳೆಗಿ ಜಿಐ ಬಂದದ್ದು 2019ರಾಗ. ಅದು ಊರಿನ ಮಣ್ಣಿಗಿ ಕೊಟ್ಟ ಗುರುತು, ಪಾಕೀಟು ಮಾಡೋರಿಗಿ ಕೊಟ್ಟ ಬಹುಮಾನ ಅಲ್ಲ. ನೋಂದಣಿ ಮಾಡಿಸಿದ ಬಳಕೆದಾರರು ಮಾತ್ರ ಆ ಹೆಸರು ಹಾಕಬೇಕು, ಅದೂ ಇಲ್ಲೇ ಬೆಳದ ಮಾಲಿಗಿ. ತಂಗಿ, ಆ ಹೆಣ್ಣುಮಗಳು ಬೇಳಿ ಬೇಯಲಿಲ್ಲ ಅಂದದ್ದು ಒಂದು ದೂರು. ನೀ ಈ ನೋಟ್ ಕಳಸಿದ್ರ, ಲಿಖಿತದಾಗ 'ಅಪ್ಪಟ' ಅಂದದ್ದು ಸಾಕ್ಷಿ ಆಗ್ತದ.

ಬೆಂಗಳೂರು ಅಕ್ಕಾ: ಕಾಕಾ ಹೇಳಿದ್ದು ಖರೆ. ಆದ್ರ ತಾನಾಗೇ ಹೋಗಿ 'ನಾವು ಮಿಕ್ಸ್ ಮಾಡೀವಿ' ಅಂತ ಪೇಪರಿಗಿ ಬರೆಯೋ ಪಿಆರ್ ಎಲ್ಲಿಯೂ ಇಲ್ಲ. ವಕೀಲರು ಒಪ್ಪಂಗಿಲ್ಲ. ಜಿಐ ಸಾಲು ತೆಗೀ, ಬೇಳಿ ಬದಲಿ ಕೊಡ್ತೀವಿ ಅನ್ನು, ಮುಗಿಸು.

ಶಹಾಬಾದ್ ಕಾಕಾ: ರಿಪೋರ್ಟರ್ ಕೇಳಿದ್ರ?

ಬೆಂಗಳೂರು ಅಕ್ಕಾ: ಕೇಳಿದಾಗ ನೋಡೋಣ.

ಶಹಾಬಾದ್ ಕಾಕಾ: ಕೇಳಿದಾಗ ನೋಡೋದು ಕಂಪನಿಗಿ ನಡೀತದ. ಫೋನ್ ಎತ್ತೋಕಿ ಈ ಹುಡುಗಿ. ಇವತ್ತು ಇಕಿ ಸುಳ್ಳು ಹೇಳಿದ್ರ ಆ ರಿಪೋರ್ಟರ್ ಇನ್ನೊಂದ್ಸಲ ಇಕಿ ಫೋನ್ ಎತ್ತಂಗಿಲ್ಲ. ಕಂಪನಿ ನಾಳೆ ಬ್ಯಾರೆದೋರನ್ನ ತಗೋತದ. ಇಕಿ ಹೆಸರು ಇದೇ ಊರಾಗ ಇರ್ತದ.

ಸಂಜೆ 4:32

ಯಾದಗಿರಿ ತಮ್ಮ: ಅಕ್ಕಾ ಒಂದ್ ಮಾತು. ನಿನ್ನ ಡ್ರಾಫ್ಟ್ ನನ್ನ ರೂಮ್‌ಮೇಟ್‌ಗೂ ಬಂದದ. 'ಅನೇಕ ಬಾರಿ ಫಾರ್ವರ್ಡ್' ಅಂತ ತೋರಿಸ್ಲತ್ತದ.

ನಾನು: ಏನು???

ಗಂಜ್ ಮಾಮಾ: ನಾ ವರ್ತಕರ ಗುಂಪಿಗಿ ಹಾಕಿದ್ದೆ... ನಮ್ಮ ಸೊಸಿ ಬರದಾಳ ಅಂತ.

ಬೆಂಗಳೂರು ಅಕ್ಕಾ: ಮಾಮಾ!!!

ಗಂಜ್ ಮಾಮಾ: ಈಗ ಡಿಲೀಟ್ ಮಾಡೀನಿ.

ಯಾದಗಿರಿ ತಮ್ಮ: ನಿಮ್ಮ ಗುಂಪಿಂದ ಅಷ್ಟೇ ಹೋಗ್ಯಾದ ಮಾಮಾ. ಉಳಿದ ಊರಿಂದ ಹೋಗಿಲ್ಲ.

ನಾನು: ಒಬ್ಬ ವರದಿಗಾರರ ಫೋನ್ ಬರ್ಲತ್ತದ. ಎರಡನೇ ಸಲ. ಎತ್ತಲೇನು?

ಬೆಂಗಳೂರು ಅಕ್ಕಾ: ಎತ್ತಬ್ಯಾಡ!

ಶಹಾಬಾದ್ ಕಾಕಾ: ಎತ್ತು. ಎತ್ತಲಿಲ್ಲ ಅಂದ್ರ 'ಸಂಪರ್ಕಕ್ಕೆ ಸಿಗಲಿಲ್ಲ' ಅಂತ ಅಚ್ಚಾಗ್ತದ. ಓದಿದೋರು 'ತಪ್ಪು ಮಾಡ್ಯಾರ, ಅದಕ್ಕ ಸಿಕ್ಕಿಲ್ಲ' ಅಂತ ಓದಿಕೋತಾರ. ನೀ ಹೇಳಬೇಕಾದದ್ದು ಇಷ್ಟೇ: ಆ ಕಾಗದ ಅಧಿಕೃತ ಅಲ್ಲ. ದೂರು ಬಂದದ, ನೋಡ್ಲತ್ತೀವಿ. ಲಾಟ್ ವಿವರ ನಾಳೆ ಮಧ್ಯಾಹ್ನ 12ಕ್ಕ ನಾನೇ ಫೋನ್ ಮಾಡಿ ಹೇಳ್ತೀನಿ. ಆಮ್ಯಾಲ ಖರೇನೇ 12ಕ್ಕ ಫೋನ್ ಮಾಡು. ಮತ್ತ 'ಆಫ್ ದ ರೆಕಾರ್ಡ್ ಸರ್' ಅಂತ ಶುರು ಮಾಡಬ್ಯಾಡ. ನಿಮ್ಮಿಬ್ಬರ ನಡುವ ಹತ್ತು ವರ್ಷದ ಒಡನಾಟ ಇಲ್ಲ.

ಎತ್ತಿದೆ. ಒಂದೂವರೆ ನಿಮಿಷದ ಮಾತು. ಕೈ ನಡುಗುತ್ತಿತ್ತು. ಅವರು ಕೊನೆಗೆ ಕೇಳಿದ್ದು ಒಂದೇ: "ಹಂಗಾದ್ರ ಕಿಡಿಗೇಡಿ ಅಂದದ್ದು ಯಾರಿಗೆ ಮೇಡಂ, ಆ ಅಜ್ಜಿಗೇನು?" ಅದು ತಪ್ಪು ಪದ, ಆ ಕರಡು ನನ್ನದೇ, ಅದನ್ನು ಕೈಬಿಟ್ಟಿದ್ದೇವೆ ಅಂದೆ. ಅವರು ನಕ್ಕರು. ಅದು ಒಳ್ಳೆಯ ನಗೆಯೋ ಕೆಟ್ಟ ನಗೆಯೋ ಇವತ್ತಿಗೂ ತಿಳಿದಿಲ್ಲ.

ಆ ರಾತ್ರಿ ಕಾಕಾ ಗುಂಪಿನಲ್ಲಿ ಎರಡು ಆಡಿಯೊ ಹಾಕಿದರು. ಒಂದರಲ್ಲಿ ಅರ್ಧ ಅವರ ಕೆಮ್ಮು. ಉಳಿದದ್ದನ್ನು ನನ್ನ ಮಾತಿನಲ್ಲೇ ಬರೆದುಕೊಂಡಿದ್ದೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಪಠ್ಯವನ್ನು ಯುನಿಕೋಡಿನಲ್ಲೂ ಹಳೆಯ 'ನುಡಿ' ಫಾಂಟಿನಲ್ಲೂ ಕಳಿಸಬೇಕು. ಯುನಿಕೋಡ್ ಒಂದನ್ನೇ ಕಳಿಸಿದರೆ ಹಳೆಯ ಪೇಜ್ ಸಾಫ್ಟ್‌ವೇರ್ ಇರುವ ಕಚೇರಿಯಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ರಾತ್ರಿ ಒಂಬತ್ತಕ್ಕೆ ಅದನ್ನು ತಿದ್ದುವ ತಾಳ್ಮೆ ಯಾರಿಗೂ ಇರುವುದಿಲ್ಲ, ಬುಟ್ಟಿಗೆ ಹೋಗುತ್ತದೆ. ಪಿಡಿಎಫ್ ಮಾತ್ರ ಕಳಿಸುವವರ ಮೇಲೆ ಕಾಕಾನಿಗೆ ಈಗಲೂ ಸಿಟ್ಟು. ಫೋಟೊವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಬೇಕು, ಇಲ್ಲದಿದ್ದರೆ ಮುಖ ಮಸುಕಾಗುತ್ತದೆ. ಎಡದಿಂದ ಬಲಕ್ಕೆ ಹೆಸರು ಬರೆಯಬೇಕು, ಹಾರ ಹಾಕಿಸಿಕೊಂಡವರ ಹೆಸರು ಮೊದಲು ಅಂತ ಅಲ್ಲ. ಕಲಬುರಗಿ, ಬೀದರ್‌ನಲ್ಲಿ ಕನ್ನಡ ಒಂದರಲ್ಲೇ ನೋಟ್ ಕಳಿಸಿ ಕೈತೊಳೆದುಕೊಂಡರೆ ಅರ್ಧ ಊರು ಬಿಟ್ಟುಹೋಗುತ್ತದೆ. ಉರ್ದು ಪತ್ರಿಕೆಗಳಿಗೆ ಉರ್ದುವಿನಲ್ಲೇ ಹೋಗಬೇಕು, ಬೀದರಿನ ಗಡಿ ಕಡೆಗೆ ಮರಾಠಿಯೂ ಬೇಕು, ಅದೂ ಆ ಭಾಷೆ ಬಲ್ಲವರಿಂದ ಬರೆಸಿದ್ದು. ಕಳಿಸಿದ ಹತ್ತು ನಿಮಿಷಕ್ಕೆ "ಬಂತೇನ್ರಿ ಸರ?" ಅಂತ ಫೋನ್ ಮಾಡಬಾರದು. ಜಾಹೀರಾತು ಕೊಡುತ್ತೇವೆ ಅನ್ನುವ ಮಾತನ್ನು ಸುದ್ದಿಯ ಮಾತಿನ ಜೊತೆ ಎತ್ತಲೇಬಾರದು. ಪತ್ರಕರ್ತರಿಗೆ ಕೊಡುವ ಹಣದ ಕವರ್ ವಿಷಯಕ್ಕೆ ಕಾಕಾ ಹೇಳಿದ್ದು ಇಲ್ಲಿ ಬರೆಯುವಂಥದ್ದಲ್ಲ, ಆದರೆ 2010ರಲ್ಲಿ ಪ್ರೆಸ್ ಕೌನ್ಸಿಲ್ ಕಾಸಿನ ಸುದ್ದಿಯ (ಪೇಯ್ಡ್ ನ್ಯೂಸ್) ಮೇಲೆ ಕೊಟ್ಟ ವರದಿಯನ್ನು ಅವರು ಇನ್ನೂ ಫೈಲ್ ಮಾಡಿ ಇಟ್ಟಿದ್ದಾರೆ.

ಭಾನುವಾರ, ಬೆಳಿಗ್ಗೆ 11:20

ನಾನು: ಮಾಲೀಕರ ಮನ್ಯಾಗ ಎರಡ್ ತಾಸು ಕೂತು ಬಂದೆ. ಮೊದಲು ಬೈದ್ರು. ಅಷ್ಟರಾಗ ಬೀದರಿನಿಂದ ಇಬ್ಬರು ಡೀಲರ್ ಮಾಲು ವಾಪಸ್ ಕಳಸ್ತೀವಿ ಅಂತ ಫೋನ್ ಮಾಡಿದ್ರು. ಆಮ್ಯಾಲ ಮೆತ್ತಗಾದ್ರು. ಹೊಸ ನೋಟ್ ಇದು, ಅವರು ಒಪ್ಪ್ಯಾರ, ಫಾರ್ವರ್ಡ್ ಮಾಡಬ್ಯಾಡ್ರಿ. ಮಾಮಾ, ನಿಮಗೇ ಹೇಳಿದ್ದು.

"ನಮ್ಮ ಒಂದು ಲಾಟಿನ ತೊಗರಿಬೇಳೆ ಸರಿಯಾಗಿ ಬೇಯುತ್ತಿಲ್ಲ ಎಂಬ ದೂರು ಬಂದಿದೆ. ಈ ಲಾಟಿನ ಪಾಕೀಟುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸುತ್ತಿದ್ದೇವೆ. ಮನೆಯಲ್ಲಿ ಇದೇ ಲಾಟಿನ ಪಾಕೀಟು ಇದ್ದರೆ, ಒಡೆದಿದ್ದರೂ ಸರಿ, ಕೊಂಡ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಿ ಅಥವಾ ಹಣ ಪಡೆಯಿರಿ. ಈ ಲಾಟಿನಲ್ಲಿ ಹೊರಗಿನ ತೊಗರಿಯೂ ಸೇರಿದೆ. ಪಾಕೀಟಿನ ಮೇಲೆ ಜಿಐ ಗುರುತು ಇರಬಾರದಿತ್ತು, ಅದನ್ನು ತೆಗೆಯುತ್ತಿದ್ದೇವೆ. ತೊಂದರೆಯನ್ನು ತೋರಿಸಿಕೊಟ್ಟ ಗ್ರಾಹಕರಿಗೆ ಧನ್ಯವಾದ."

ಕೆಳಗ ಲಾಟ್ ನಂಬರ್, ನನ್ನ ಫೋನ್ ನಂಬರ್ ಅದ.

ಬೆಂಗಳೂರು ಅಕ್ಕಾ: 'ಇರಬಾರದಿತ್ತು' ಬರದಿಯಾ! ವಕೀಲರು ನೋಡ್ಯಾರೇನು?

ನಾನು: ನೋಡ್ಯಾರ. 'ಕಣ್ತಪ್ಪಿನಿಂದ' ಅಂತ ಸೇರಸು ಅಂದ್ರು. ಕಣ್ತಪ್ಪು ಅಲ್ಲ ಅಂತ ಗಂಜ್ ಮಾರ್ಕೆಟ್ಟಿಗಿ ಎಲ್ಲಾ ಗೊತ್ತದ, ಬ್ಯಾಡ ಅಂದೆ. ಮಾಲೀಕರು ಸುಮ್ಮನಾದ್ರು.

ಬೆಂಗಳೂರು ಅಕ್ಕಾ: ನಮ್ಮ ಏಜೆನ್ಸಿಯೊಳಗ ಇದು ಪಾಸ್ ಆಗ್ತಿರಲಿಲ್ಲ. ಆದ್ರ ಒಂದು ಮಾತು. ಪೇಪರಿಗಿ ಕಳಸೋ ಮೊದಲು ಆ ಅಜ್ಜಿಗಿ ಫೋನ್ ಮಾಡು. ಧನ್ಯವಾದ ಪೇಪರಿನ್ಯಾಗ ಓದಿ ತಿಳಕೊಳ್ಳೋದು ಚಂದ ಕಾಣಂಗಿಲ್ಲ.

ಶಹಾಬಾದ್ ಕಾಕಾ: ಇದು ನನಗೂ ಹೊಳದಿರಲಿಲ್ಲ. ಮಾಡು. ಮತ್ತ ಲಾಟ್ ನಂಬರ್, ಫೋನ್ ನಂಬರ್ ಕೆಳಗ ಬ್ಯಾಡ, ಎರಡನೇ ಸಾಲಿಗಿ ತಗೊಂಡು ಬಾ. ಜಾಗ ಇಲ್ಲ ಅಂದ್ರ ಡೆಸ್ಕಿನೋರು ಕೆಳಗಿಂದ ಕಡೀತಾರ.

ಗಂಜ್ ಮಾಮಾ: ಇನ್ನ ಆ ಕಂಪನಿಗಿ ನಾ ಮಾಲು ಹಾಕೋದು ಹ್ಯಾಂಗವ್ವಾ?

ಬೀದರ್ ಅತ್ತಿ: ಚೀಲದ ಮ್ಯಾಲ ಮೊಜಾಂಬಿಕ್ ಅಂತ ಬರದು ಹಾಕು.

ಸೋಮವಾರ, ಬೆಳಿಗ್ಗೆ 7:05

ಶಹಾಬಾದ್ ಕಾಕಾ: ಐದನೇ ಪುಟ, ಒಂದು ಕಾಲಂ. 'ಬೇಯದ ಬೇಳೆ ವಾಪಸ್' ಅಂತ ಹೆಡ್ಡಿಂಗ್. ಕೊನೇ ಧನ್ಯವಾದದ ಸಾಲು ಕಡದಾರ. ನಾ ಹೇಳಿರಲಿಲ್ಲೇನು?

ನಾನು: ಅಜ್ಜಿಗಿ ಫೋನಿನ್ಯಾಗ ಹೇಳೀನಿ ಬಿಡ್ರಿ ಕಾಕಾ. 'ಹೊಸ ಬೇಳಿ ಕಳಸು, ಕುದಿಸಿ ನೋಡಿ ಆಮ್ಯಾಲ ಹೇಳ್ತೀನಿ' ಅಂದಾರ. ವಿಡಿಯೊ ತೆಗೀತೀನಿ ಅಂತ ಏನೂ ಅಂದಿಲ್ಲ, ನಾನೂ ಕೇಳಲಿಲ್ಲ.

ಬೀದರ್ ಅತ್ತಿ: ಪೇಪರ್ ಓದಿದೆ. ನನ್ನ ಡಬ್ಯಾಗೂ ಎರಡು ಕಿಲೋ ಅದ, ಲಾಟ್ ನಂಬರ್ ಅದೇ. ಅಂಗಡಿಯಂವ ನನಗೇನೂ ಗೊತ್ತಿಲ್ಲ ಅಂತಾನ. ಯಾರಿಗಿ ಫೋನ್ ಮಾಡಲಿ?

ನಾನು: ಪೇಪರಿನ್ಯಾಗ ನಂಬರ್ ಅದಲ್ಲ ಅತ್ತಿ, ಅದು ನಂದೇ.

ಬೀದರ್ ಅತ್ತಿ: ಹಂಗಾದ್ರ ಎತ್ತು. ಆಗಳಿಂದ ಮಾಡ್ಲತ್ತೀನಿ, ಬಿಜಿ ಬರ್ಲತ್ತದ.